ಬೆಂಗಳೂರಿನ ಜೀರ್ಣಾಂಗ ಕ್ಯಾನ್ಸರ್: ಇಳಿಯುತ್ತಿರುವುದು ಯಾವುದು, ಏರುತ್ತಿರುವುದು ಯಾವುದು

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ಒಂದು ಲೆಕ್ಕ ಬಿಡದೆ ನಡೆಯುತ್ತಿದೆ. ಈ ನಗರದ ನಿವಾಸಿಗಳಲ್ಲಿ ಆಯಾ ವರ್ಷ ಯಾರಿಗೆ ಹೊಸದಾಗಿ ಕ್ಯಾನ್ಸರ್ ಬಂತು, ಯಾವ ಅಂಗಕ್ಕೆ, ಯಾವ ವಯಸ್ಸಿನಲ್ಲಿ ಎಂಬ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆಗ ಶುರುಮಾಡಿದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಕೇಂದ್ರಗಳಲ್ಲಿ ಬೆಂಗಳೂರು ಒಂದು. ನಾಲ್ಕು ದಶಕಗಳ ಈ ದಾಖಲೆಯಲ್ಲಿ ಜೀರ್ಣಾಂಗಗಳ ಸಾಲನ್ನಷ್ಟೇ ಓದಿದರೂ ಊರಿನ ಊಟ, ದುಡಿಮೆ, ಚಟ, ಆಯಸ್ಸು ಎಲ್ಲವೂ ಬದಲಾದದ್ದು ಕಾಣುತ್ತದೆ. ಎಂಬತ್ತರ ದಶಕದಲ್ಲಿ ಇಲ್ಲಿನ ಗಂಡಸರ ಮುಖ್ಯ ಕ್ಯಾನ್ಸರ್‌ಗಳಲ್ಲಿ ಜಠರದ್ದು ಮುಂಚೂಣಿಯಲ್ಲಿತ್ತು. ಹೆಂಗಸರಲ್ಲಿ ಅನ್ನನಾಳದ ಕ್ಯಾನ್ಸರ್ ಬೇರೆ ಮಹಾನಗರಗಳಿಗೆ ಹೋಲಿಸಿದರೆ ಎದ್ದು ಕಾಣುವಷ್ಟಿತ್ತು. ಈಗ ಆ ಎರಡರ ದರವೂ ಇಳಿಮುಖ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ದರ ಏರುಮುಖ. ಲಿವರ್ ಮತ್ತು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್‌ಗಳೂ ಹಿಂದಿಗಿಂತ ಹೆಚ್ಚು ದಾಖಲಾಗುತ್ತಿವೆ.

ಅಂದರೆ ರೋಗ ಜೀರ್ಣನಾಳದ ಮೇಲ್ಭಾಗದಿಂದ ಕೆಳಭಾಗದ ಕಡೆಗೆ ಸರಿಯುತ್ತಿದೆ. ನಮ್ಮ ಎಚ್ಚರ ಮಾತ್ರ ಅದರ ಜೊತೆ ಸರಿದಿಲ್ಲ. ಊಟ ಗಂಟಲಲ್ಲಿ ಸಿಕ್ಕಿಕೊಂಡರೆ ಮನೆಯವರಿಗೆ ಕ್ಯಾನ್ಸರ್ ನೆನಪಾಗುತ್ತದೆ. ಮಲದಲ್ಲಿ ರಕ್ತ ಕಂಡರೆ ನೆನಪಾಗುವುದು ಮೂಲವ್ಯಾಧಿ. ಇವತ್ತು ಉಳಿಸಬಹುದಾದ ಜೀವಗಳು ಹೆಚ್ಚಾಗಿ ಕೈತಪ್ಪುತ್ತಿರುವುದು ಈ ಎರಡನೆಯ ಕಡೆ.

ದರ ಬೇರೆ, ಸಂಖ್ಯೆ ಬೇರೆ

‘ಜಠರದ ಕ್ಯಾನ್ಸರ್ ಇಳಿಯುತ್ತಿದೆ’ ಎಂದು ಕೇಳಿದವರು ಆಸ್ಪತ್ರೆಯ ಸಾಲು ನೋಡಿ ನಂಬುವುದಿಲ್ಲ. ಇಲ್ಲಿ ಎರಡು ಅಳತೆಗಳನ್ನು ಬೇರ್ಪಡಿಸಿ ನೋಡಬೇಕು. ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ 1981ರಲ್ಲಿ ಸುಮಾರು 29 ಲಕ್ಷ, 2011ರಲ್ಲಿ ಸುಮಾರು 85 ಲಕ್ಷ. ಅರವತ್ತು ದಾಟಿದವರ ಸಂಖ್ಯೆಯೂ ಬೆಳೆದಿದೆ, ಕ್ಯಾನ್ಸರ್ ಹೆಚ್ಚಾಗಿ ಬರುವುದೂ ಆ ವಯಸ್ಸಿನವರಿಗೇ. ಊಹೆಯ ಒಂದು ಲೆಕ್ಕ ಹಾಕೋಣ: ಒಂದೂರಲ್ಲಿ ಅರವತ್ತು ದಾಟಿದವರು 20,000 ಮಂದಿ ಇದ್ದು, ಅವರಲ್ಲಿ ಲಕ್ಷಕ್ಕೆ 50ರಂತೆ ಜಠರದ ಕ್ಯಾನ್ಸರ್ ಬಂದರೆ ವರ್ಷಕ್ಕೆ 10 ರೋಗಿಗಳು. ಮೂವತ್ತು ವರ್ಷದ ನಂತರ ಆ ವಯಸ್ಸಿನವರು ಒಂದು ಲಕ್ಷವಾಗಿ, ದರ ಲಕ್ಷಕ್ಕೆ 35ಕ್ಕೆ ಇಳಿದರೂ ರೋಗಿಗಳು 35. ದರ ಶೇ 30ರಷ್ಟು ತಗ್ಗಿದೆ, ಸಾಲು ಮೂರೂವರೆ ಪಟ್ಟು ಬೆಳೆದಿದೆ. ಕಾರಣಗಳನ್ನು ಹುಡುಕುವವರಿಗೆ ದರ ಬೇಕು, ಹಾಸಿಗೆ ಮತ್ತು ವೈದ್ಯರನ್ನು ಲೆಕ್ಕ ಹಾಕುವವರಿಗೆ ಸಂಖ್ಯೆ ಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಎರಡು ಕೆಲಸವೂ ಕೆಡುತ್ತದೆ.

ಊರೂರುಗಳನ್ನು, ಕಾಲಕಾಲಗಳನ್ನು ಹೋಲಿಸಲು ನೋಂದಣಿಯವರು ಬಳಸುವುದು ವಯೋಹೊಂದಾಣಿಕೆಯ ದರ. ಐದೈದು ವರ್ಷದ ವಯೋಗುಂಪುಗಳ ದರವನ್ನು ಬೇರೆಬೇರೆ ಲೆಕ್ಕ ಹಾಕಿ, ಎಲ್ಲ ಕಡೆಗೂ ಒಂದೇ ಆದ ಮಾದರಿ ಜನಸಂಖ್ಯೆಗೆ ಅನ್ವಯಿಸಿ ಕೂಡುತ್ತಾರೆ. ಹೀಗೆ ಮಾಡಿದಾಗ ‘ಜನ ಹೆಚ್ಚು ಬದುಕುತ್ತಿದ್ದಾರೆ, ಅದಕ್ಕೇ ಕ್ಯಾನ್ಸರ್ ಜಾಸ್ತಿ’ ಎಂಬ ಅಂಶ ಲೆಕ್ಕದಿಂದ ಹೊರಗೆ ಹೋಗುತ್ತದೆ. ಕರುಳಿನ ಕ್ಯಾನ್ಸರ್ ಏರಿಕೆ ಕಾಣುವುದು ಹೀಗೆ ಹೊಂದಿಸಿದ ದರದಲ್ಲಿಯೂ. ಹಾಗಾಗಿ ಅದನ್ನು ಬರೀ ಮುಪ್ಪಿನ ಲೆಕ್ಕಕ್ಕೆ ಹಾಕುವಂತಿಲ್ಲ.

ದಾಖಲೆ ಎಲ್ಲಿ ಜಾರುತ್ತದೆ ಎಂಬುದನ್ನೂ ತಿಳಿದಿರಬೇಕು. ನೋಂದಣಿ ಸಿಬ್ಬಂದಿ ಆಸ್ಪತ್ರೆ, ಲ್ಯಾಬ್, ಮರಣ ನೋಂದಣಿ ಕಚೇರಿಗಳಿಗೆ ತಾವೇ ಹೋಗಿ ಮಾಹಿತಿ ತರುತ್ತಾರೆ. ಒಬ್ಬರೇ ರೋಗಿ ಮೂರು ಆಸ್ಪತ್ರೆಗೆ ಹೋಗಿದ್ದರೆ ಅದನ್ನು ಒಂದೇ ಪ್ರಕರಣವಾಗಿಸಬೇಕು. ಚಿಕಿತ್ಸೆಗೆಂದು ಹೊರಗಿನಿಂದ ಬಂದು ನೆಂಟರ ಮನೆ ವಿಳಾಸ ಕೊಟ್ಟವರನ್ನು ಹೊರಗಿಡಬೇಕು, ಅದಕ್ಕೇ ಕನಿಷ್ಠ ಒಂದು ವರ್ಷದ ವಾಸದ ನಿಯಮವಿದೆ. ಅಂಗ ಗುರುತಿಸುವಾಗಲೂ ತಪ್ಪಾಗುತ್ತದೆ. ಅನ್ನನಾಳ ಜಠರವನ್ನು ಸೇರುವ ಜಾಗದ ಗಡ್ಡೆಯನ್ನು ಒಬ್ಬರು ಅನ್ನನಾಳಕ್ಕೆ, ಇನ್ನೊಬ್ಬರು ಜಠರಕ್ಕೆ ಬರೆಯುತ್ತಾರೆ. ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದ ಮೇಲೆ ಸ್ಕ್ಯಾನ್‌ನಲ್ಲಿ ಮೊದಲು ಕಂಡರೆ, ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿ ಆಗದಿದ್ದರೆ, ಅದು ಲಿವರ್ ಕ್ಯಾನ್ಸರ್ ಎಂದೇ ದಾಖಲಾಗಿಬಿಡಬಹುದು. ಸಿಟಿ ಸ್ಕ್ಯಾನ್ ಅಪರೂಪವಾಗಿದ್ದ ಕಾಲದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಸತ್ತ ಎಷ್ಟೋ ಮಂದಿ ‘ಕಾಮಾಲೆಯಿಂದ ತೀರಿಹೋದರು’ ಎಂದಾಗಿ ಲೆಕ್ಕದಿಂದಲೇ ಹೊರಗುಳಿದಿರಬೇಕು. ಆದ್ದರಿಂದ ಆ ಅಂಗದ ಏರಿಕೆಯಲ್ಲಿ ಒಂದು ಪಾಲು ರೋಗದ್ದು, ಒಂದು ಪಾಲು ಯಂತ್ರದ್ದು. ಕರುಳಿನ ಮತ್ತು ಜಠರದ ವಿಷಯದಲ್ಲಿ ಈ ಅನುಮಾನ ಅಷ್ಟು ಗಟ್ಟಿಯಲ್ಲ. ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವ ಎಂಡೋಸ್ಕೋಪಿ ಹೆಚ್ಚಿದಂತೆ ಜಠರದ ಕ್ಯಾನ್ಸರ್ ಹೆಚ್ಚು ಪತ್ತೆಯಾಗಬೇಕಿತ್ತು, ಆದರೂ ದರ ಇಳಿದಿದೆ. ಅದು ನಿಜವಾದ ಇಳಿಕೆ.

ಮೇಲ್ಭಾಗದಲ್ಲಿ ಏಕೆ ತಗ್ಗಿತು

ಜಠರದ ಕ್ಯಾನ್ಸರ್‌ಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಇದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಇದು ಹೆಚ್ಚಾಗಿ ಬಾಲ್ಯದಲ್ಲಿ, ಒಂದೇ ಕೋಣೆಯಲ್ಲಿ ತುಂಬ ಜನ ಇರುವ ಮನೆಗಳಲ್ಲಿ, ಶುದ್ಧ ನೀರಿಲ್ಲದ ಕಡೆ ಹರಡುತ್ತದೆ. ವರ್ಷಗಟ್ಟಲೆ ಜಠರದ ಒಳಪದರವನ್ನು ಊದಿಸಿ, ಸವೆಸಿ, ಕೊನೆಗೆ ಕೆಲವರಲ್ಲಷ್ಟೇ ಕ್ಯಾನ್ಸರ್ ತರುತ್ತದೆ. ಭಾರತದಲ್ಲಿ ಈ ಸೋಂಕು ಬಹಳ ಜನರಲ್ಲಿದ್ದರೂ ಜಠರದ ಕ್ಯಾನ್ಸರ್ ಜಪಾನ್, ಕೊರಿಯಾಗಳಷ್ಟಿಲ್ಲ. ಉಪ್ಪು, ಹೊಗೆಯಲ್ಲಿ ಒಣಗಿಸಿದ ಪದಾರ್ಥ, ತಂಬಾಕು ಇದರ ಜೊತೆ ಸೇರಿದಾಗ ಅಪಾಯ ಬಲಿಯುತ್ತದೆ. ದೇಶದಲ್ಲೇ ಅತಿ ಹೆಚ್ಚು ಜಠರದ ಕ್ಯಾನ್ಸರ್ ಇರುವ ಮಿಜೋರಾಂನ ಐಜಾಲ್‌ನಲ್ಲಿ ಹೊಗೆಯಾಡಿಸಿದ ಮಾಂಸವೂ ತಂಬಾಕಿನ ಹೊಗೆ ಹಾಯಿಸಿದ ನೀರೂ ಬಳಕೆಯಲ್ಲಿವೆ. ಬೆಂಗಳೂರಿನಲ್ಲಿ ಒಣಮೀನು, ಉಪ್ಪಲ್ಲಿಟ್ಟ ತರಕಾರಿಗಳ ಬದಲು ವರ್ಷವಿಡೀ ತಾಜಾ ತರಕಾರಿ, ಫ್ರಿಜ್, ನಲ್ಲಿ ನೀರು ಬಂದವು. ಒಂದು ಸೂರಿನಡಿ ಹತ್ತು ಜನ ಇರುತ್ತಿದ್ದ ಮನೆಗಳು ಕಡಿಮೆಯಾದವು. ಯಾವ ಕ್ಯಾನ್ಸರ್ ಕಾರ್ಯಕ್ರಮವೂ ಇಲ್ಲದೆ ಜಠರದ ಕ್ಯಾನ್ಸರ್ ತಗ್ಗಿದ್ದಕ್ಕೆ ಇವು ಒಪ್ಪತಕ್ಕ ವಿವರಣೆ.

ಸೋಂಕು ಇರುವವರ ಚಿಕಿತ್ಸೆಯಲ್ಲಿ ಆಗುವ ತಪ್ಪು ಹೀಗೆ: ಸಾಮಾನ್ಯವಾಗಿ 14 ದಿನ ಮೂರು-ನಾಲ್ಕು ಔಷಧ ಒಟ್ಟಿಗೆ ತೆಗೆದುಕೊಳ್ಳಬೇಕು. ಬಾಯಿ ಕಹಿ, ವಾಕರಿಕೆ ಎಂದು ಐದನೇ ದಿನಕ್ಕೆ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಉಳಿಯುತ್ತದೆ, ಮುಂದಿನ ಸಲ ಅದೇ ಔಷಧಕ್ಕೆ ಬಗ್ಗುವುದೂ ಇಲ್ಲ. ಮುಗಿಸಿದ ಕನಿಷ್ಠ ನಾಲ್ಕು ವಾರದ ನಂತರ, ಆಮ್ಲ ತಗ್ಗಿಸುವ ಮಾತ್ರೆಯನ್ನು ಎರಡು ವಾರ ಬಿಟ್ಟು, ಉಸಿರು ಅಥವಾ ಮಲದ ಪರೀಕ್ಷೆಯಿಂದ ಸೋಂಕು ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಈ ಕೊನೆಯ ಹೆಜ್ಜೆಯನ್ನು ಬಹಳಷ್ಟು ಕಡೆ ಕೈಬಿಡುತ್ತಾರೆ.

ಅನ್ನನಾಳದ ಕಥೆ ತಂಬಾಕಿನದ್ದು. ಇಲ್ಲಿ ಹೆಚ್ಚಾಗಿ ಕಾಣುವುದು ಒಳಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್. ಎಲೆ ಅಡಿಕೆ ಸುಣ್ಣದ ಜೊತೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಾಕಿ ಜಗಿಯುವುದು ಹಳೆ ಮೈಸೂರು ಭಾಗದ ದುಡಿಯುವ ಹೆಂಗಸರಲ್ಲಿ ಸಾಮಾನ್ಯವಾಗಿತ್ತು. ಅದಕ್ಕೆ ಕಬ್ಬಿಣದ ಕೊರತೆ ಸೇರುತ್ತಿತ್ತು. ದೀರ್ಘಕಾಲದ ರಕ್ತಹೀನತೆಯಲ್ಲಿ ಅನ್ನನಾಳದ ಮೇಲ್ತುದಿಯಲ್ಲಿ ತೆಳು ಪೊರೆ ಬೆಳೆದು ನುಂಗಲು ಕಷ್ಟವಾಗುವ ಒಂದು ಸ್ಥಿತಿಯಿದೆ, ಮುಂದೆ ಅಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ಹೆಚ್ಚು. ಅಡಿಕೆಯೂ, ತಂಬಾಕಿಲ್ಲದೆ ಜಗಿದರೂ, ಕ್ಯಾನ್ಸರ್‌ಕಾರಕ ಎಂಬುದು ಎರಡು ದಶಕಗಳಿಂದ ಒಪ್ಪಿತವಾದ ಸಂಗತಿ. ಅಡಿಕೆ ಬೆಳೆಗಾರರ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ವಯಸ್ಕರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಬಳಸುವವರ ಪ್ರಮಾಣ 2009–10ರಲ್ಲಿ ಶೇ 28.2 ಇದ್ದದ್ದು 2016–17ಕ್ಕೆ ಶೇ 22.8ಕ್ಕೆ ಇಳಿಯಿತು. ರಾಜ್ಯದಲ್ಲಿ ಗುಟ್ಕಾ ನಿಷೇಧ ಬಂದದ್ದು 2013ರಲ್ಲಿ. ಆದರೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಪಕ್ಕಪಕ್ಕದಲ್ಲೇ ಮಾರಾಟವಾಗುವಾಗ ಈ ಇಳಿಕೆ ಮುಂದುವರಿಯುತ್ತದೆ ಎಂದು ಭರವಸೆ ಇಡಲಾಗದು.

ಕೆಳಭಾಗದ ಏರಿಕೆ

ದೊಡ್ಡ ಕರುಳಿನ ಕ್ಯಾನ್ಸರ್ ಸಾಮಾನ್ಯವಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಗಂಟು ಕ್ಯಾನ್ಸರ್ ಆಗಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಇದಕ್ಕೆ ಕಾರಣವೆಂದು ಗೊತ್ತಿರುವ ಸಂಗತಿಗಳು ನಗರ ಜೀವನದ ಜೊತೆಗೇ ಬಂದವು: ಸ್ಥೂಲಕಾಯ, ಕೂತಲ್ಲೇ ಕೆಲಸ, ಮದ್ಯ, ಧೂಮಪಾನ, ಸಕ್ಕರೆ ಕಾಯಿಲೆ, ನಾರು ಕಡಿಮೆಯಾದ ಊಟ, ಸಂಸ್ಕರಿಸಿದ ಮಾಂಸ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಅಧಿಕ ತೂಕದವರು 2015–16ರಲ್ಲಿ ಶೇ 23ರಷ್ಟಿದ್ದರು, 2019–21ಕ್ಕೆ ಶೇ 30 ಆದರು. ಗಂಡಸರದ್ದೂ ಹೆಚ್ಚುಕಡಿಮೆ ಇದೇ ಏರಿಕೆ.

ಊಟದಲ್ಲಿ ಏನಾಗಿದೆ ಎಂಬುದನ್ನು ಒಂದು ಬಟ್ಟಲಲ್ಲಿ ಅಳೆಯಬಹುದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಜೋಳದಲ್ಲಿ 10, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ದಿನಕ್ಕೆ 30 ಗ್ರಾಂ ನಾರು ಬೇಕೆಂದರೆ 100 ಗ್ರಾಂ ಹಿಟ್ಟಿನ ಮುದ್ದೆಯಿಂದಲೇ ಮೂರನೇ ಒಂದು ಭಾಗ ಬರುತ್ತದೆ. ಅದೇ ಜಾಗದಲ್ಲಿ ಬಿಳಿ ಅನ್ನ ಬಂದರೆ ಉಳಿದದ್ದನ್ನು ಕಾಳು, ಸೊಪ್ಪು, ತರಕಾರಿಯಿಂದ ತುಂಬಿಸಬೇಕು, ಹೋಟೆಲ್ ಊಟದಲ್ಲಿ ಅದು ತುಂಬುವುದಿಲ್ಲ. ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ನಾರಿನಿಂದ ಮಲದ ಗಾತ್ರ ಹೆಚ್ಚಿ ಬೇಗ ಸಾಗುತ್ತದೆ, ಹಾನಿಕಾರಕ ವಸ್ತುಗಳು ಒಳಪದರಕ್ಕೆ ತಾಗಿಕೊಂಡಿರುವ ಹೊತ್ತೂ ತಗ್ಗುತ್ತದೆ.

ಕಾರಣಗಳ ವಿಷಯದಲ್ಲಿ ಸಾರ್ವಜನಿಕ ಚರ್ಚೆ ಒಂದೇ ಕಡೆ ವಾಲಿದೆ ಎಂಬುದು ನಮ್ಮ ಅಭಿಪ್ರಾಯ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಸರಿಯಾದ ಕ್ರಮವೇ. ರೋಡಮೈನ್-ಬಿ ಬಟ್ಟೆಯ ಬಣ್ಣ, ತಟ್ಟೆಗೆ ಬರಬಾರದು. ಆದರೆ ನಾಲ್ಕು ದಶಕಗಳ ಏರಿಕೆಯನ್ನು ಬಣ್ಣದ ಮೇಲೆ ಹಾಕಿದರೆ ತೂಕ, ತಂಬಾಕು, ಮದ್ಯ ಮೂರೂ ಮಾತಿನಿಂದ ಮರೆಯಾಗುತ್ತವೆ. ಸಾಕ್ಷ್ಯ ಗಟ್ಟಿಯಾಗಿರುವುದು ಈ ಮೂರರ ಮೇಲೆ.

‘ಈಗ ಚಿಕ್ಕ ವಯಸ್ಸಿನವರಿಗೇ ಬರುತ್ತಿದೆ’ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ನಮ್ಮ ಆಸ್ಪತ್ರೆಗಳ ಕರುಳು ಕ್ಯಾನ್ಸರ್ ರೋಗಿಗಳಲ್ಲಿ ನಲವತ್ತೈದರ ಒಳಗಿನವರ ಪಾಲು ಪಶ್ಚಿಮ ದೇಶಗಳಿಗಿಂತ ದೊಡ್ಡದು. ಅದಕ್ಕೆ ಒಂದು ಕಾರಣ ನಮ್ಮ ಜನಸಂಖ್ಯೆಯೇ ಕಿರಿಯದಾಗಿರುವುದು. ಯುವಜನರೇ ಹೆಚ್ಚಿದ್ದರೆ ರೋಗಿಗಳಲ್ಲೂ ಅವರು ಹೆಚ್ಚು ಕಾಣುತ್ತಾರೆ, ಅಪಾಯ ಮಾತ್ರ ಈಗಲೂ ವಯಸ್ಸಿನ ಜೊತೆಗೇ ಏರುತ್ತದೆ. ಹಾಗೆಂದು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಹಲವು ದೇಶಗಳಲ್ಲಿ ಐವತ್ತರ ಒಳಗಿನವರ ದರ ನಿಜವಾಗಿಯೇ ಏರುತ್ತಿದೆ. 2025ರಲ್ಲಿ ಪ್ರಕಟವಾದ 11 ದೇಶಗಳ ರೋಗಿಗಳ ಗಡ್ಡೆಗಳ ಜೀನೋಮ್ (ಕೋಶದಲ್ಲಿನ ಪೂರ್ತಿ ವಂಶವಾಹಿ ಮಾಹಿತಿ) ಅಧ್ಯಯನದಲ್ಲಿ, ಕೆಲವು ಬಗೆಯ ಇ. ಕೊಲೈ ಬ್ಯಾಕ್ಟೀರಿಯಾ ಉತ್ಪಾದಿಸುವ ಕೊಲಿಬ್ಯಾಕ್ಟಿನ್ ಎಂಬ ವಿಷದ ಗುರುತು ನಲವತ್ತರ ಒಳಗಿನವರ ಗಡ್ಡೆಗಳಲ್ಲಿ ಎಪ್ಪತ್ತು ದಾಟಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಲ ಕಂಡಿತು. ಬಾಲ್ಯದಲ್ಲಿ ಕರುಳಿಗೆ ಸೇರಿದ್ದು ನಲವತ್ತರಲ್ಲಿ ಗಡ್ಡೆಯಾಗಿ ಬರುತ್ತಿರಬಹುದು ಎಂಬ ಸುಳಿವು ಅದು.

ಲಿವರ್ ವಿಷಯದಲ್ಲಿ ಒಂದು ಕಾರಣ ತಗ್ಗುತ್ತಿರುವಾಗಲೇ ಇನ್ನೊಂದು ಏರುತ್ತಿದೆ. ಲಿವರ್ ಕ್ಯಾನ್ಸರ್‌ಗೆ ಕಾರಣವಾಗುವ ಹೆಪಟೈಟಿಸ್-ಬಿ ವೈರಸ್ಸಿನ ಲಸಿಕೆ 2011ರ ಹೊತ್ತಿಗೆ ದೇಶದ ಎಲ್ಲ ಮಕ್ಕಳ ಲಸಿಕಾ ಪಟ್ಟಿಗೆ ಬಂತು. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ನಂತರ 6, 10, 14ನೇ ವಾರ. ತಾಯಿಗೆ ಸೋಂಕಿದ್ದರೆ ಆ ಮೊದಲ ಡೋಸ್ ತಡವಾಗುವುದೇ ದೊಡ್ಡ ಅಪಾಯ. ಲಸಿಕೆ ಪಡೆದ ಮಕ್ಕಳು ಲಿವರ್ ಕ್ಯಾನ್ಸರ್‌ನ ವಯಸ್ಸಿಗೆ ಬರಲು ಇನ್ನೂ ದಶಕಗಳಿವೆ. ಅಷ್ಟರಲ್ಲಿ ಫ್ಯಾಟಿ ಲಿವರ್ ಮತ್ತು ಮದ್ಯದಿಂದ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವುದು) ಆದವರ ಸಾಲು ಬೆಳೆಯುತ್ತಿದೆ. ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಬೆಂಗಳೂರಿನ ದಾಖಲೆ ಓದುವಾಗ ಉತ್ತರದಿಂದ ಬಂದು ಇಲ್ಲೇ ನೆಲೆಸಿದವರನ್ನೂ ನೆನಪಿನಲ್ಲಿಡಬೇಕು.

ಎಲ್ಲಿ ತಪ್ಪುತ್ತಿದೆ

ಗುದನಾಳದ ಕ್ಯಾನ್ಸರ್‌ನ ರಕ್ತಕ್ಕೂ ಪೈಲ್ಸ್‌ನ ರಕ್ತಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ಹೇಳಲಾಗದು. ಪೈಲ್ಸ್ ಇರುವವರಿಗೇ ಕ್ಯಾನ್ಸರೂ ಇರಬಹುದು. ‘ಇಂಜೆಕ್ಷನ್‌ನಿಂದ ಮೂಲವ್ಯಾಧಿ ಗುಣ’ ಎಂಬ ಬೋರ್ಡಿನಡಿ ಆರು ತಿಂಗಳು, ವರ್ಷ ಕಳೆದವರು ಕ್ಯಾನ್ಸರ್ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಗಡ್ಡೆ ಕರುಳಿನ ಗೋಡೆ ದಾಟಿರುತ್ತದೆ. ಕೈಗವಸು ಹಾಕಿ ಬೆರಳಿನಿಂದ ಗುದದ್ವಾರ ಪರೀಕ್ಷಿಸಿದರೆ ಗುದನಾಳದ ಕೆಳಭಾಗದ ಗಡ್ಡೆಗಳು ಕೈಗೆ ಸಿಗುತ್ತವೆ. ಒಂದು ನಿಮಿಷದ ಕೆಲಸ, ಖರ್ಚಿಲ್ಲ. ವೈದ್ಯರಿಗೂ ರೋಗಿಗೂ ಇರುವ ಸಂಕೋಚದಿಂದ, ಹೆಂಗಸರಾದರೆ ಇನ್ನೂ ಹೆಚ್ಚಿನ ಸಂಕೋಚದಿಂದ, ಅದು ಆಗುವುದಿಲ್ಲ. ಭಾರತದ ಕರುಳಿನ ಕ್ಯಾನ್ಸರ್‌ಗಳಲ್ಲಿ ಗುದನಾಳದ ಪಾಲು ಹೆಚ್ಚಿರುವುದರಿಂದ ಈ ಒಂದು ಪರೀಕ್ಷೆಯ ಬೆಲೆ ಇಲ್ಲಿ ಬೇರೆ ದೇಶಗಳಿಗಿಂತ ಹೆಚ್ಚು.

ಬಲಭಾಗದ ಕರುಳಿನ ಗಡ್ಡೆ ಕಣ್ಣಿಗೆ ಕಾಣುವ ರಕ್ತ ತೋರಿಸದೆ ಒಳಗೇ ಜಿನುಗುತ್ತದೆ. ಮೊದಲ ಸುಳಿವು ಸುಸ್ತು ಮತ್ತು ಹಿಮೋಗ್ಲೋಬಿನ್ ಇಳಿಕೆ. ಐವತ್ತು ದಾಟಿದ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣದ ಕೊರತೆ ಕಂಡರೆ ಮಾತ್ರೆ ಕೊಟ್ಟು ಕಳುಹಿಸಿದರೆ ಸಾಲದು, ರಕ್ತ ಎಲ್ಲಿ ಹೋಗುತ್ತಿದೆ ಎಂದು ಜಠರ, ಕರುಳು ಎರಡನ್ನೂ ಒಳಗಿನಿಂದ ನೋಡಬೇಕು. ರಕ್ತಹೀನತೆ ಮನೆಮನೆಯಲ್ಲಿರುವ ರಾಜ್ಯದಲ್ಲಿ ಈ ಸುಳಿವು ಸುಲಭವಾಗಿ ಕಳೆದುಹೋಗುತ್ತದೆ. ಎಡಭಾಗದಲ್ಲಾದರೆ ಮಲಬದ್ಧತೆ, ಭೇದಿ ಒಂದರ ಹಿಂದೊಂದು, ಹೊಟ್ಟೆ ಉಬ್ಬರ. ಗುದನಾಳದಲ್ಲಾದರೆ ಹೋಗಿಬಂದರೂ ಪೂರ್ತಿ ಆಗಿಲ್ಲ ಎಂಬ ಭಾವ. ಮೂರು ವಾರ ಮೀರಿದರೆ ಇವನ್ನು ‘ಉಷ್ಣ’ಕ್ಕೆ ಬಿಡಬಾರದು.

ಮೇಲ್ಭಾಗದ ತಪ್ಪುಗಳೂ ನಿಂತಿಲ್ಲ. ನುಂಗಲು ಕಷ್ಟವಾದವರು ಮೊದಲು ರೊಟ್ಟಿ, ಚಪಾತಿ, ಮಾಂಸ ಬಿಡುತ್ತಾರೆ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಗಂಜಿ. ಊಟ ಹೊಂದಿಸಿಕೊಳ್ಳುತ್ತ ಹೋಗುವುದರಿಂದ ತೊಂದರೆ ತೊಂದರೆಯಾಗಿ ಕಾಣುವುದಿಲ್ಲ. ಗಟ್ಟಿ ಆಹಾರ ಸಿಕ್ಕಿಕೊಳ್ಳತೊಡಗುವಾಗಲೇ ಅನ್ನನಾಳ ಸಾಕಷ್ಟು ಕಿರಿದಾಗಿರುತ್ತದೆ. ಜಠರದ ವಿಷಯದಲ್ಲಿ ಮೋಸ ಮಾಡುವುದು ‘ಗ್ಯಾಸ್ಟ್ರಿಕ್’ ಮಾತ್ರೆ. ಪ್ಯಾಂಟೊಪ್ರಜೋಲ್ ಕ್ಯಾನ್ಸರ್ ಹುಣ್ಣಿನ ನೋವನ್ನೂ ಕೆಲವು ವಾರ ತಗ್ಗಿಸುತ್ತದೆ, ಮೇಲ್ಪದರ ಮಾಯ್ದಂತೆಯೂ ತೋರಿಸುತ್ತದೆ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದವರಲ್ಲಿ ರೋಗ ಹೊಟ್ಟೆಯೊಳಗೇ ಬೆಳೆದಿರುತ್ತದೆ. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡರೆ ಅಂಚಿನಿಂದಲೂ ತಳದಿಂದಲೂ ಕನಿಷ್ಠ ಆರು ಚೂರು ತೆಗೆಯಬೇಕು. ಒಂದೆರಡು ತೆಗೆದು ‘ಕ್ಯಾನ್ಸರ್ ಇಲ್ಲ’ ಎಂದು ಬಂದ ವರದಿಯನ್ನು ನೆಚ್ಚಬಾರದು.

ಐವತ್ತರ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದು, ಅದರ ಜೊತೆ ತೂಕವೂ ಇಳಿಯುತ್ತಿದ್ದರೆ ಮೇದೋಜೀರಕ ಗ್ರಂಥಿಯನ್ನು ಸಿಟಿಯಲ್ಲಿ ನೋಡಿಸಬೇಕು. ಇದು ಬಹಳ ಜನರಿಗೆ ಅನ್ವಯಿಸುವುದಿಲ್ಲ, ಅನ್ವಯಿಸುವವರಿಗೆ ಬೇರೆ ಸುಳಿವು ಸಿಗುವುದಿಲ್ಲ.

ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಯಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿ ಕೆಡುವುದು ತಯಾರಿಯಲ್ಲಿ. ಎರಡು-ಮೂರು ದಿನ ಮೊದಲೇ ರಾಗಿ, ಸೊಪ್ಪು, ಬೀಜವಿರುವ ಹಣ್ಣು, ಕಾಳು ಬಿಡಬೇಕು. ಹಿಂದಿನ ದಿನ ಎಳನೀರು, ಸೋಸಿದ ತಿಳಿಸಾರು, ಹಾಲಿಲ್ಲದ ಚಹಾ ಮಾತ್ರ. ಕೆಂಪು ಪಾನೀಯ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಎರಡರಿಂದ ನಾಲ್ಕು ಲೀಟರಿನ ಭೇದಿ ದ್ರಾವಣವನ್ನು ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಯ ದಿನ ಬೆಳಗಿನ ಜಾವ ಕುಡಿಯಬೇಕು. ಒಟ್ಟಿಗೆ ಹಿಂದಿನ ರಾತ್ರಿಯೇ ಮುಗಿಸಿದರೆ ಬಲಭಾಗದ ಕರುಳಿಗೆ ಮತ್ತೆ ಗಸಿ ಇಳಿದು ಚಪ್ಪಟೆ ಪಾಲಿಪ್‌ಗಳು ಮುಚ್ಚಿಹೋಗುತ್ತವೆ. ಸಕ್ಕರೆ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಬೇಕು, ಮೂತ್ರಪಿಂಡದ ತೊಂದರೆ ಇರುವವರಂತೂ ಕೇಳದೆ ದ್ರಾವಣ ಮುಟ್ಟಬಾರದು.

ಖಾಲಿ ನಕ್ಷೆ

ಬೆಂಗಳೂರಿನ ದಾಖಲೆಯನ್ನು ಕರ್ನಾಟಕದ ದಾಖಲೆ ಎಂದು ಓದಬಾರದು. 2012–16ರ ರಾಷ್ಟ್ರೀಯ ವರದಿಯಲ್ಲಿದ್ದ 28 ಜನಸಂಖ್ಯಾಧಾರಿತ ನೋಂದಣಿಗಳಲ್ಲಿ ರಾಜ್ಯದ್ದು ಬೆಂಗಳೂರು ಒಂದೇ. ಅದೇ ವರದಿಯಲ್ಲಿ ಕಲಬುರಗಿ, ಬೀದರ್‌ಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಮತ್ತು ಅದರಾಚೆಯ ಬೀಡ್ ಜಿಲ್ಲೆಗಳ ಗಂಡಸರ ಒಟ್ಟು ಕ್ಯಾನ್ಸರ್ ದರ ಲಕ್ಷಕ್ಕೆ 39.5, ದೇಶದಲ್ಲೇ ಅತಿ ಕಡಿಮೆ. ಬೆಂಗಳೂರಿನದ್ದು ಅದರ ಮೂರು ಪಟ್ಟಿನ ಆಸುಪಾಸು. ಈ ಅಂತರದಲ್ಲಿ ಜೋಳದ ರೊಟ್ಟಿಯ ಪಾಲೆಷ್ಟು, ಪತ್ತೆಯಾಗದೆ ಉಳಿದ ರೋಗದ ಪಾಲೆಷ್ಟು ಎಂದು ಬೇರ್ಪಡಿಸಲು ನಮ್ಮದೇ ಗ್ರಾಮೀಣ ನೋಂದಣಿಗಳು ಬೇಕು. ಅಡಿಕೆ ಜಗಿಯುವ ಮಲೆನಾಡು, ಮೀನೂಟದ ಕರಾವಳಿ, ಮುದ್ದೆಯ ಮಂಡ್ಯ, ರೊಟ್ಟಿಯ ವಿಜಯಪುರ ಒಂದೇ ದರದಲ್ಲಿ ಇರಲಾರವು.

ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಯಿದೆ, ಕರುಳಿನದ್ದಿಲ್ಲ. ದರ ಪಶ್ಚಿಮ ದೇಶಗಳಿಗಿಂತ ಇನ್ನೂ ಬಹಳ ಕಡಿಮೆ ಇರುವಾಗ ಎಲ್ಲರಿಗೂ ಕೊಲೊನೋಸ್ಕೋಪಿ ಎನ್ನುವುದು ಈಗ ಸಲ್ಲದು. ಹೆತ್ತವರು, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಾತ್ರ ಕಾಯಬಾರದು. ನಲವತ್ತಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಆಗಬೇಕು. ಉಳಿದವರಿಗೆ ಬೆಂಗಳೂರಿನಂಥ ನಗರದಲ್ಲಿ ಮಲದಲ್ಲಿನ ಸೂಕ್ಷ್ಮ ರಕ್ತ ಪತ್ತೆಹಚ್ಚುವ ಫಿಟ್ ಪರೀಕ್ಷೆಯಿಂದ ಶುರುಮಾಡಬಹುದು. ಮನೆಯಲ್ಲೇ ಮಾದರಿ ತೆಗೆಯಬಹುದು, ಪಥ್ಯ ಬೇಕಿಲ್ಲ. ಆದರೆ ಕಿಟ್ ಹಂಚುವ ಮೊದಲು ಮುಂದಿನ ಹೆಜ್ಜೆಯ ಲೆಕ್ಕ ಆಗಿರಬೇಕು. ಒಂದು ಲಕ್ಷ ಜನರನ್ನು ಪರೀಕ್ಷಿಸಿ ನೂರಕ್ಕೆ ಐವರಲ್ಲಿ ರಕ್ತ ಕಂಡಿತು ಎಂದಿಟ್ಟುಕೊಂಡರೆ 5,000 ಕೊಲೊನೋಸ್ಕೋಪಿ ಬೇಕು. ದಿನಕ್ಕೆ ಹತ್ತರಂತೆ, ವರ್ಷಕ್ಕೆ 250 ದಿನ ಮಾಡಿದರೆ ಒಬ್ಬ ತಜ್ಞರಿಂದ ಆಗುವುದು 2,500. ಇಬ್ಬರು ಪೂರ್ಣಾವಧಿ ತಜ್ಞರು, ಅವರಿಗೆ ತಕ್ಕ ಯಂತ್ರ, ಸ್ವಚ್ಛಗೊಳಿಸುವ ಸಿಬ್ಬಂದಿ, ಪಾಲಿಪ್ ನೋಡಲು ರೋಗಶಾಸ್ತ್ರಜ್ಞರು ಒಂದು ಲಕ್ಷ ಕಿಟ್‌ಗೆ ಮುಂಚೆಯೇ ಸಿದ್ಧರಿರಬೇಕು.